ದೊರೆ ಕಾರಿನ ಎಂಟು ತೂತುಗಳು

೨೦೨೪ನೆಯ ಇಸವಿ ಮಾರ್ಚ್ ೪, ಸೋಮವಾರ. ಶಿಶಿರದ ಕೊನೆ; ಬೆಳಿಗ್ಗೆ ಒಂಬತ್ತರವರೆಗೆ ಮಂಜು, ಆಮೇಲೆ ಸುಡುವ ಬಿಸಿಲು. ಕಾಫಿ ಗಿಡಗಳನ್ನು ಅರಳಿಸುವ ಹೂಮಳೆ ಇನ್ನೂ ಬಿದ್ದಿರಲಿಲ್ಲ. ಅಂದು ಕೊಪ್ಪದ ಮೆಕ್ಯಾನಿಕ್ ವಾಸಪ್ಪನವರ ಶೆಡ್ಡಿಗೆ ಕಡಹಿನಬೈಲಿನ ಕಲ್ಲಮ್ಮನವರ ಕಾರನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತಂದರು.

ಕಾರು ೧೯೫೭ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದದ್ದು. ಚರ್ಮದ ಸೀಟು, ನುಣುಪು ಮರದ ಡ್ಯಾಶ್‌ಬೋರ್ಡು. ಬಾಳೆಹೊನ್ನೂರಿನ ಕಡೆಯ ತೋಟದ ಬಿಳಿಯ ದೊರೆಯೊಬ್ಬರು ತರಿಸಿದ್ದರಿಂದ ‘ದೊರೆ ಕಾರು’ ಎಂದೇ ಅದರ ಹೆಸರು. ಕಲ್ಲಮ್ಮನವರ ದಿವಂಗತ ಪತಿ ವೀರಪ್ಪನವರು ಅದನ್ನು ೧೯೭೨ರಲ್ಲಿ ಕೊಂಡರೆನ್ನುವವರಿದ್ದಾರೆ; ಅದು ತಪ್ಪು. ಆರ್.ಸಿ. ಪುಸ್ತಕದಲ್ಲಿ ೧೯೭೧ರ ನವೆಂಬರ್ ೧೯ ಎಂದು ಸ್ಪಷ್ಟವಾಗಿದೆ.

ವಾಸಪ್ಪನವರು ೧೯೫೫ರಲ್ಲಿ ಸೀತೂರಿನಲ್ಲಿ ಹುಟ್ಟಿದರು. ಏಳನೆಯ ತರಗತಿ ಮುಗಿಸಿ ಬಸ್ಸಿನ ಗ್ಯಾರೇಜು ಸೇರಿ, ೧೯೭೯ರಲ್ಲಿ ಸ್ವಂತ ಶೆಡ್ಡು ಹಾಕಿದರು. ದೊರೆ ಕಾರಿನ ರೋಗಗಳೆಲ್ಲ ಅವರಿಗೆ ಬಾಯಿಪಾಠ. ಘಾಟಿ ಹತ್ತಿದರೆ ರೇಡಿಯೇಟರಿನ ನೀರು ಕುದಿಯುತ್ತದೆ. ಬ್ಯಾಟರಿಯ ಪಾಸಿಟಿವ್ ತಂತಿಯನ್ನೇ ಕಾರಿನ ಮೈಗೆ ಜೋಡಿಸಬೇಕು. ಬೇರೆ ಕಾರುಗಳ ರೂಢಿಯಲ್ಲಿ ನೆಗೆಟಿವ್ ಜೋಡಿಸಿದವರು ವೈರಿಂಗ್ ಕೆಡಿಸಿಕೊಂಡಿದ್ದಾರೆ. ಮಳೆಗಾಲದಲ್ಲಿ ಡ್ಯಾಶ್‌ಬೋರ್ಡಿನ ಮರದ ಹಾಳೆ ಎದ್ದುಬರುತ್ತದೆ. ಇವೆಲ್ಲಕ್ಕೂ ಅವರಲ್ಲಿ ತಾತ್ಕಾಲಿಕ ಮದ್ದಾದರೂ ಇತ್ತು. ಬಾಗಿಲುಗಳ ತಳವನ್ನು ತಿನ್ನುವ ತುಕ್ಕಿಗೆ ಮಾತ್ರ ಇರಲಿಲ್ಲ. ವಿಲಾಯಿತಿ ತಗಡು ನಮ್ಮ ಮಳೆಗೆ ತಡೆಯುವುದಿಲ್ಲ ಎಂದು ಮೂವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದರು.

ನೋಂದಣಿಯ ಅವಧಿ ಮುಗಿದದ್ದರಿಂದ ಕಾರನ್ನು ಓಡಿಸುವಂತಿರಲಿಲ್ಲ; ನವೀಕರಣದ ತಪಾಸಣೆ ಏಪ್ರಿಲ್ ೧೫ಕ್ಕೆ ನಿಗದಿಯಾಗಿತ್ತು. ಅದರಲ್ಲಿ ತೇರ್ಗಡೆಯಾಗದಿದ್ದರೆ ಕಾರನ್ನು ಗುಜರಿಗೆ ಹಾಕುವುದೆಂದು ಕಲ್ಲಮ್ಮನವರು ನಿಶ್ಚಯಿಸಿದ್ದರು.

ಕಾರಿನ ಜೊತೆಯಲ್ಲಿ ಬಂದಿದ್ದ ಅವರ ಮೊಮ್ಮಗಳು ನಿಶ್ಚಿತಾ, ಅಜ್ಜನ ಟ್ರಂಕಿನಲ್ಲಿ ಸಿಕ್ಕ ಇಂಗ್ಲಿಷ್ ಕೈಪಿಡಿಯನ್ನು ಓದಿ ಕನ್ನಡದಲ್ಲಿ ಹೇಳತೊಡಗಿದಳು. ಪ್ರತಿ ಬಾಗಿಲಿನ ತಳದಲ್ಲಿ ಎರಡೆರಡು ತೂತುಗಳಿವೆ; ಗಾಜಿನ ಸಂದಿನಿಂದ ಇಳಿದ ನೀರು ಅವುಗಳ ಮೂಲಕ ಹೊರಹೋಗಬೇಕು; ತಿಂಗಳಿಗೊಮ್ಮೆ ಚುಚ್ಚಿ ಶುಚಿ ಮಾಡತಕ್ಕದ್ದು. ವಾಸಪ್ಪನವರು ಕೆಳಗೆ ಮಲಗಿ ಹುಡುಕಿದರು. ತೂತುಗಳಿರಲಿಲ್ಲ. ಎಂಟು ಕಡೆ ಕರಿಯ ಗಟ್ಟಿ ಉಂಡೆಗಳಿದ್ದವು. ಒಂದನ್ನು ಸ್ಕ್ರೂಡ್ರೈವರಿನಿಂದ ಕೆತ್ತಿದೊಡನೆ ಗುರುತು ಸಿಕ್ಕಿತು: ಹಲಸಿನ ಮೇಣ.

ಸೋರುವ ಕೊಡಕ್ಕೂ ಬಕೆಟ್ಟಿಗೂ ಹಲಸಿನ ಮೇಣ ಮೆತ್ತುವುದು ಈ ಕಡೆಯ ರೂಢಿ. ೧೯೮೬ರ ಮೇ ೨೮ರಂದು, ರಸ್ತೆಯ ಕೆಸರುನೀರು ಬಾಗಿಲೊಳಗೆ ಹಾರದಿರಲೆಂದು, ವಾಸಪ್ಪನವರೇ ಆ ಎಂಟು ತೂತುಗಳನ್ನು ಮುಚ್ಚಿದ್ದರು. ಹೊರಗಿನ ನೀರು ಬರಲಿಲ್ಲ. ಒಳಗಿನದು ಹೋಗಲೂ ಇಲ್ಲ.

ಆ ಉಂಡೆ ಏನೆಂದು ನಿಶ್ಚಿತಾಳಿಗೆ ತಿಳಿದಿರಲಿಲ್ಲ. ವಾಸಪ್ಪನವರು ಸುಮ್ಮನಿದ್ದಿದ್ದರೆ ತಪ್ಪು ವಿಲಾಯಿತಿ ತಗಡಿನ ಮೇಲೆಯೇ ಉಳಿಯುತ್ತಿತ್ತು. ಮರುದಿನ ಬೆಳಿಗ್ಗೆ ವಾಸಪ್ಪನವರು ಕಡಹಿನಬೈಲಿಗೆ ಹೋಗಿ, ಉಂಡೆಯನ್ನು ಕಲ್ಲಮ್ಮನವರ ಮುಂದೆ ಜಗಲಿಯ ಮೇಲಿಟ್ಟರು.

“ಅಮ್ಮಾ, ಕಾರಿಗೆ ತುಕ್ಕು ತಾನಾಗಿ ಹಿಡೀಲಿಲ್ಲ. ನಾನು ಹಿಡಿಸಿದ್ದು.”

ಕಲ್ಲಮ್ಮನವರು ನಡೆದದ್ದನ್ನೆಲ್ಲ ಕೇಳಿ, ಉಂಡೆಯನ್ನು ತಿರುಗಿಸಿ ನೋಡಿದರು. “ಈ ಮೇಣ ಮೂವತ್ತೆಂಟು ವರ್ಷ ಅಲ್ಲಾಡದೆ ಕೂತಿದೆಯಲ್ಲ ಮಾರಾಯ. ನಮ್ಮ ಬಚ್ಚಲ ಹಂಡೆಗೂ ನಿನ್ನ ಕೈಲೇ ಮೆತ್ತಿಸ್ಬೇಕಿತ್ತು.”

“ಗುಜರಿಯವನಿಗೆ ಹೇಳಿ ಕಳ್ಸಿದೀರಂತೆ.”

“ಹೇಳಿದೀನಿ. ಏಪ್ರಿಲ್ ಹದಿನೈದರವರೆಗೆ ಕಾಯ್ಲಿ. ಕೆಡ್ಸಿದ್ದು ನೀನು, ಸರಿ ಮಾಡೋನೂ ನೀನೇ.”

ವಾಸಪ್ಪನವರು ಬೇರೆ ಕೆಲಸವನ್ನೆಲ್ಲ ಬದಿಗಿಟ್ಟರು. ನಾಲ್ಕು ಬಾಗಿಲುಗಳ ಕೊಳೆತ ತಳವನ್ನು ಕತ್ತರಿಸಿ ತೆಗೆದು, ಶಿವಮೊಗ್ಗದಿಂದ ತಗಡು ತರಿಸಿ, ಮರದ ಅಚ್ಚಿನ ಮೇಲೆ ಬಡಿದು ಬೆಸುಗೆ ಹಾಕಿದರು. ಬಣ್ಣಕ್ಕೆ ಮೊದಲು ಎಂಟು ತೂತು ಕೊರೆದರು. ಹೊಸ ತಗಡಿಗೂ ತೂತು ಹೊಡೆಯುವ ಮೆಕ್ಯಾನಿಕ್ ಎಂದು ಪಕ್ಕದ ಹೋಟೆಲಿನಲ್ಲಿ ನಗೆ ಎದ್ದಿತು. ವಾಸಪ್ಪನವರು ಹಳೆಯ ತೂತುಗಳ ಕಥೆಯನ್ನು ನಕ್ಕವರಿಗೂ ತಾವಾಗಿಯೇ ಹೇಳಿದರು.

೨೦೨೪ರ ಏಪ್ರಿಲ್ ೧೫, ಸೋಮವಾರ, ಹಗಲು ಹನ್ನೆರಡಕ್ಕೆ ಕಾರು ತಪಾಸಣೆಯಲ್ಲಿ ತೇರ್ಗಡೆಯಾಯಿತು. ನೋಂದಣಿ ಐದು ವರ್ಷಕ್ಕೆ ನವೀಕರಣಗೊಂಡಿತು. ಅಲ್ಲಿಂದೀಚೆಗೆ ಎರಡು ಮಳೆಗಾಲ ಕಳೆದಿವೆ. ಪ್ರತಿ ತಿಂಗಳ ಒಂದನೆಯ ತಾರೀಖು ನಿಶ್ಚಿತಾ ತೆಂಗಿನ ಗರಿಯ ಕಡ್ಡಿಯಿಂದ ಎಂಟು ತೂತುಗಳನ್ನೂ ಚುಚ್ಚುತ್ತಾಳೆ. ಹೊಸ ತುಕ್ಕು ಕಂಡಿಲ್ಲ. ಘಾಟಿಯಲ್ಲಿ ರೇಡಿಯೇಟರಿನ ನೀರು ಕುದಿಯುವುದು ಮಾತ್ರ ನಿಂತಿಲ್ಲ.