ರಾಜಕುಮಾರನ ಕುತ್ತಿಗೆಯ ದಾರ

ಪರದೆಯ ಹಿಂದೆ ನುಸುಳಿ ರಾಜಕುಮಾರನ ತೊಗಲುಗೊಂಬೆಯನ್ನು ಕೈಗೆತ್ತಿಕೊಂಡೆ. ಅದರ ತಲೆ ತಟ್ಟನೆ ಜೋತುಬಿತ್ತು. ಕಿಟಾರನೆ ಕಿರುಚಿದೆ.

ಅರವತ್ತರ ದಶಕದ ಮಾತು. ಅಗರಖೇಡದ ನಮ್ಮ ಶಾಲೆಯ ಕಿಟಕಿಗಳಿಗೆ ಕೌದಿ ಕಟ್ಟಿ, ಮಟಮಟ ಮಧ್ಯಾಹ್ನವನ್ನೇ ಕತ್ತಲೆ ಮಾಡಿ ಗೊಂಬೆಯಾಟ ಆಡಿಸಿದ್ದರು. ಯುದ್ಧಕ್ಕೆ ಹೋದ ರಾಜಕುಮಾರ ವೈರಿಗಳಿಂದ ತಪ್ಪಿಸಿಕೊಂಡು ಸೋದರಮಾವನ ಮನೆ ಸೇರಿ ಹೋಳಿಗೆ ಉಂಡಿದ್ದ. ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು.

"ಹೆದರಬ್ಯಾಡವ್ವಾ," ಎಂದಳು ಗೊಂಬೆಯಾಡಿಸುವವನ ಹೆಂಡತಿ. "ಎಲ್ಲಾ ಊರಾಗ ಕಥಿ ಕಡೀಕ ಇವನ ತಲಿ ಹಾರಸ್ತೇವಿ, ಆಮ್ಯಾಲ ದಾರ ಹಾಕಿ ಹೊಲೀತೇವಿ. ಇಲ್ಲಿ ಯಾವದೋ ಹುಡಿಗಿ ಅಣ್ಣ ತೀರಿಕೊಂಡು ತಿಂಗಳಾಗಿಲ್ಲಂತ. ಇವತ್ತೊಂದಿನ ಇವನ್ನ ಸಾಯಿಸಬ್ಯಾಡ್ರಿ ಅಂದ್ರು ನಿಮ್ಮ ಹೆಡ್‌ಮಾಸ್ತರು."

ಆ ಹುಡುಗಿ ನಾನೇ ಎಂದು ಹೇಳಲಿಲ್ಲ. ಮಗ್ಗಿ ತಪ್ಪಿದರೆ ಛಡಿ ಎತ್ತುತ್ತಿದ್ದ ಮಾಸ್ತರು ಅವರು! ಗೊಂಬೆಯ ತಲೆಯನ್ನು ನೆಟ್ಟಗೆ ಹಿಡಿದು ನಿಂತೆ.

ಈಗ ಮೊಮ್ಮಗಳು ಟಿ.ವಿ.ಯಲ್ಲಿ ನೋಡುವ ಕಾರ್ಟೂನುಗಳಲ್ಲಿ ಹಳೆಯ ಕಥೆಗಳ ರಾಜಕುಮಾರರು ಯಾರೂ ಸಾಯುವುದಿಲ್ಲ. ಎಲ್ಲ ಸಪ್ಪೆ ಮಾಡಿಟ್ಟಾರ ಎಂದು ಮಗ ಗೊಣಗುತ್ತಾನೆ. ನಾನು ಮಾತ್ರ ಆ ರಾಜಕುಮಾರರ ಕುತ್ತಿಗೆಯಲ್ಲಿ ದಾರ ಹುಡುಕುತ್ತ ಕೂರುತ್ತೇನೆ.