ಇಂಜಿನ್ ಕಾದದ, ಹತ್ತು ಮಿನಿಟ್ ನಿಲ್ಲಸ್ತೀನ್ರಿ

ಬೆಳಗಿನ ಐದೂವರೆ. ಸೊಲ್ಲಾಪುರದ ದವಾಖಾನೆಯೊಂದರ ಹಿಂಭಾಗ, ಶವಾಗಾರದ ಅಂಗಳ. ಗೋಡೆಯ ನಲ್ಲಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತು ನಾಗಣ್ಣ ಅಕ್ಕಿ ತೊಳೆಯುತ್ತಿದ್ದಾರೆ. ಎರಡು ಹಿಡಿ ಅಕ್ಕಿ, ಒಂದು ಹಿಡಿ ಹೆಸರುಬೇಳೆ, ಉಪ್ಪು, ಚಿಟಿಕೆ ಅರಿಶಿನ. ಹತ್ತು ಹೆಜ್ಜೆಯಾಚೆ, ಕಬ್ಬಿಣದ ಬಾಗಿಲ ಮುಂದೆ, ಎಳೆಯ ಕೂಸನ್ನು ಮಡಿಲಲ್ಲಿಟ್ಟುಕೊಂಡ ಹುಡುಗಿಯೊಬ್ಬಳು ಗೋಡೆಗೆ ತಲೆ ಆನಿಸಿ ಕೂತಿದ್ದಾಳೆ. ಕೂಸು ಅಳುತ್ತಲೇ ಇದೆ.

ನಾಗಣ್ಣ ಶವವಾಹನದ ಚಾಲಕ. ಊರು ಹೋಟಗಿ, ವಯಸ್ಸು ಐವತ್ತೆಂಟು. ಇಪ್ಪತ್ತು ವರ್ಷದಿಂದ ಈ ಒಂದೇ ಗಾಡಿ ಓಡಿಸುತ್ತಿದ್ದಾರೆ. ಪೇಟೆಯ ವ್ಯಾಪಾರಿಗಳು ಸೇರಿ ಧರ್ಮಕ್ಕೆ ಬಿಟ್ಟ ಹಳೆಯ ಗಾಡಿ ಅದು. ಅದರ ಇಂಜಿನ್ ಚಾಲಕನ ಎಡಕ್ಕೇ, ಎರಡು ಸೀಟಿನ ನಡುವಿನ ಪೆಟ್ಟಿಗೆಯೊಳಗಿದೆ. ನಾಗಣ್ಣ ಪೆಟ್ಟಿಗೆಯ ಮುಚ್ಚಳ ಎತ್ತುತ್ತಾರೆ. ಒಳಗೆ, ಹೊಗೆ ಹೋಗುವ ಕೊಳವೆಯ ಮೈಗೆ ತಗಲುವ ಹಾಗೆ, ಸೈಕಲ್ ಕ್ಯಾರಿಯರನ್ನು ಮುರಿದು ಬೆಸುಗೆ ಹಾಕಿದ ಸಣ್ಣ ಗೂಡು. ಅಲ್ಯುಮಿನಿಯಂ ಡಬ್ಬಿಯನ್ನು ಅದರಲ್ಲಿಟ್ಟು, ತಂತಿ ಬಿಗಿದು, ಮುಚ್ಚಳ ಹಾಕಿ, ಇಂಜಿನ್ ಚಾಲೂ ಮಾಡುತ್ತಾರೆ. ಕಾಗದಪತ್ರ ಮುಗಿಯುವಷ್ಟರಲ್ಲಿ ಕೊಳವೆ ಕಾಯಬೇಕು.

"ಒಗ್ಗರಣೆ ಇಲ್ಲವೇ?" ಎಂದು, ಪೇಪರಿಗೆ ಬರೆಯಲು ಜೊತೆಗೆ ಬಂದಿರುವ ನಾನು ಕೇಳುತ್ತೇನೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಳ್ಳುತ್ತೇನೆ.

"ಒಮ್ಮೆ ಹಾಕಿದ್ದೆ ರೀ," ಎನ್ನುತ್ತಾರೆ ನಾಗಣ್ಣ. "ಬಳ್ಳೊಳ್ಳಿ ವಾಸನಿ ಹಿಂದ ಹೋತು. ಸತ್ತಾವನ ತಮ್ಮ ಗಾಡಿ ನಿಲ್ಲಿಸಿ ಅದ ಡಬ್ಬಿಲೆ ಹೊಡದ. ಇಲ್ಲಿ ನೋಡ್ರಿ." ಹುಬ್ಬಿನ ಮೇಲೆ ಬಿಳಿ ಗೆರೆಯೊಂದಿದೆ. "ಅವನ ತಪ್ಪಲ್ಲ ಬಿಡ್ರಿ. ಅಣ್ಣ ಹಿಂದ ಮಲಗ್ಯಾನ, ಮುಂದ ಒಗ್ಗರಣಿ ವಾಸನಿ ಅಂದ್ರ ಯಾರಿಗಾದ್ರೂ ಸಿಟ್ಟ ಬರ್ತದ. ಅವತ್ತಿಂದ ಬರೇ ಬೇಳಿ, ಅಕ್ಕಿ."

ಈ ಭಾಗದ ಹಳ್ಳಿಗಳಲ್ಲಿ ಸಾವಾದ ಮನೆಯಲ್ಲಿ ಮಣ್ಣು ಆಗುವವರೆಗೆ ಒಲೆ ಹಚ್ಚುವುದಿಲ್ಲ. ಮನೆಯವರು ಬಾಯಿಗೆ ಏನೂ ಹಾಕುವುದಿಲ್ಲ. ಸತ್ತವರ ಮರ್ಯಾದೆಗಾಗಿ ಬದುಕಿದವರ ಹೊಟ್ಟೆ ಒಣಗಿಸುವ ಇದೆಂಥ ರೀತಿ ಎಂದು ನಾನು ಸ್ವಲ್ಪ ಜೋರಾಗಿಯೇ ಅಂದುಬಿಡುತ್ತೇನೆ. ನಾಗಣ್ಣ ನನ್ನನ್ನು ತಿದ್ದುತ್ತಾರೆ.

"ರೀತಿ ಕೆಟ್ಟದ್ದಲ್ಲ ರೀ ಸಾಹೇಬ್ರ. ಮೊದಲ ಮುಂಜಾನಿ ಸತ್ರ ಸಂಜಿಕ ಮಣ್ಣ ಆಗ್ತಿತ್ತು. ಒಂದ ಹೊತ್ತಿನ ಉಪಾಸ. ಈಗ ದವಾಖಾನಿ ಬಂತು, ಪೊಲೀಸ್ ಬಂದ್ರು, ಪೋಸ್ಟ್‌ಮಾರ್ಟಮ್ ಬಂತು. ಮೂರು ಮೂರು ದಿವಸ ಆಗ್ತದ. ರೀತಿ ಇದ್ದಂಗ ಅದ, ಹೊಟ್ಟಿನೂ ಇದ್ದಂಗ ಅದ. ದಿವಸ ಹೆಚ್ಚಾಗ್ಯಾವ, ಅಷ್ಟ."

ಹನ್ನೊಂದು ವರ್ಷದ ಹಿಂದೆ ಅವರು ಕುಂಭಾರಿ ಕಡೆಯ ಒಬ್ಬ ಹುಡುಗನ ಹೆಣ ಒಯ್ದಿದ್ದರು. ಜೊತೆಗೆ ಅವನ ತಾಯಿ ಸೋನಾಬಾಯಿ. ಆಕೆಗೆ ಸಕ್ಕರೆ ಕಾಯಿಲೆ. ಎರಡು ದಿನ ದವಾಖಾನೆಯ ಮೆಟ್ಟಿಲ ಮೇಲೆ ನೀರು ಕುಡಿದುಕೊಂಡೇ ಕೂತಿದ್ದಳು. ದಾರಿಯಲ್ಲಿ "ಕಣ್ಣ ಕತ್ತಲಿ ಬರಾಕತ್ತದ" ಎಂದು ಎರಡು ಸಲ ಅಂದಳು. ದುಃಖಕ್ಕೆ ಹಾಗಾಗುತ್ತಿದೆ ಎಂದು ನಾಗಣ್ಣ ಸುಮ್ಮನಾದರು. ಮಗನನ್ನು ಇಳಿಸುವಾಗ ಆಕೆ ಮನೆಯ ಕಟ್ಟೆಯ ಮೇಲೆ ಕೂತವಳು ಮತ್ತೆ ಏಳಲಿಲ್ಲ.

"ನನ್ನ ಬುತ್ತಿ ಸೀಟಿನ ಕೆಳಗ ಇತ್ತು ರೀ," ಎನ್ನುತ್ತಾರೆ ನಾಗಣ್ಣ. ನಿಂತ ಗಾಡಿಯ ಸ್ಟೇರಿಂಗ್ ಮೇಲಿನ ಕೈ ತೆಗೆಯುವುದಿಲ್ಲ, ನನ್ನ ಕಡೆ ನೋಡುವುದೂ ಇಲ್ಲ. "ಎರಡ ರೊಟ್ಟಿ, ಪಲ್ಲೆ. ಕೊಡಬೇಕಂತ ತಲಿಗಿ ಹೊಳೀಲೇ ಇಲ್ಲ. ಕೊಟ್ಟಿದ್ರ ಉಣ್ಣತಿದ್ದಳೋ ಇಲ್ಲೋ, ಅದು ಬ್ಯಾರೆ. ನಾ ಕೇಳಲಿಲ್ಲ."

ಮುಂದಿನ ವಾರದಿಂದಲೇ ಊಟ ಒಯ್ಯತೊಡಗಿದರು. ರೊಟ್ಟಿ ಕೊಟ್ಟು ನೋಡಿದರು, ಒಣಗಿದ ಗಂಟಲಲ್ಲಿ ಇಳಿಯಲಿಲ್ಲ. ಸ್ಟೋವ್ ಇಟ್ಟರೆ ಅದು ಒಲೆಯೇ ಆಯಿತು, ಯಾರೂ ಮುಟ್ಟಲಿಲ್ಲ. ಕೊನೆಗೆ ಈ ಡಬ್ಬಿ ಬಂತು. "ಇಂಜಿನ್ ಒಲಿ ಅಲ್ಲ ನೋಡ್ರಿ. ಯಾರೂ ಹಚ್ಚಿಲ್ಲ, ಯಾರೂ ಊದಿಲ್ಲ. ಹೆಂಗಿದ್ರೂ ಗಾಡಿ ಓಡಬೇಕು, ಅದು ಕಾಯ್ತದ." ದಿನಕ್ಕೆ ಎರಡು ಮೂರು ಹೆಣ, ಮೇ ತಿಂಗಳ ಬಿಸಿಲಿಗೆ ಐದಾಗುವುದೂ ಉಂಟು. ಹತ್ತು ಸಲ ಹೋದರೆ ಆರು ಸಲ ಜನ ಉಣ್ಣುತ್ತಾರೆ ಎಂದು ಅವರ ಅಂದಾಜು. ಉಳಿದದ್ದನ್ನು ತಿರುಗಿ ಬರುವಾಗ ಅವರೇ ತಿನ್ನುತ್ತಾರೆ. ಎಷ್ಟೋ ದಿನ ಮೂರು ಹೊತ್ತೂ ಅದೇ ಊಟ.

ಏಳು ಗಂಟೆಗೆ ಕಬ್ಬಿಣದ ಬಾಗಿಲು ತೆರೆಯುತ್ತದೆ. ಇಂದಿನ ಹೆಣ ಅಕ್ಕಲಕೋಟ ತಾಲೂಕಿನ ಹನ್ನೂರಿನ ಸಿದ್ಧರಾಮನದು. ಕುರಿ ಕಾಯುವವನು, ವಯಸ್ಸು ಇಪ್ಪತ್ತೇಳು. ರಸ್ತೆ ದಾಟುತ್ತಿದ್ದ ಕುರಿಗಳ ಮೇಲೆ ಲಾರಿ ಬಂದಾಗ ಮರಿಯೊಂದನ್ನು ಎಳೆಯಲು ಹೋಗಿ ಸಿಕ್ಕಿದ. ಎರಡು ದಿನ ಉಸಿರಿತ್ತು, ನಿನ್ನೆ ಬೆಳಗ್ಗೆ ನಿಂತಿತು. ಗೋಡೆಗೆ ತಲೆ ಆನಿಸಿದ್ದ ಹುಡುಗಿ ಅವನ ಹೆಂಡತಿ ಛಾಯಾ. ಮೂರು ದಿನದಿಂದ ಏನೂ ತಿಂದಿಲ್ಲ. ನಾಲ್ಕು ತಿಂಗಳ ಕೂಸಿಗೆ ಮೊಲೆ ಕೊಡುತ್ತಾಳೆ, ಅದು ಚೀಪಿ ಚೀಪಿ ಬಿಟ್ಟು ಮತ್ತೆ ಅಳುತ್ತದೆ. ಹಾಲು ಬತ್ತಿದೆ. ಬಾಟಲಿ ಹಾಲನ್ನು ಅದು ಬಾಯಿಗೇ ತಗೊಳ್ಳುತ್ತಿಲ್ಲ. ಪಕ್ಕದಲ್ಲಿ ಸಿದ್ಧರಾಮನ ತಾಯಿ ಕಸ್ತೂರಬಾಯಿ, ಹಣೆಯ ತುಂಬ ಕುರುಬರ ದೇವರು ಬೀರೋಬಾನ ಭಂಡಾರದ ಅರಿಶಿನ. ಗಂಡಸರು ಕುಣಿ ತೋಡಿಸಲು ಬೈಕಿನಲ್ಲಿ ಮುಂದೆ ಹೋಗಿದ್ದಾರೆ.

ಗಾಡಿ ಹೊರಡುತ್ತದೆ. ಹಿಂದೆ ಹೆಣದ ಪಕ್ಕದ ಬೆಂಚಿನಲ್ಲಿ ಇಬ್ಬರು ಹೆಂಗಸರು, ಮುಂದೆ ನಾವಿಬ್ಬರು, ನಡುವೆ ಕುದಿಯುವ ಡಬ್ಬಿ. ಕುಂಭಾರಿ ದಾಟುವಾಗ ಪೆಟ್ಟಿಗೆಯೊಳಗಿಂದ ಗುಳುಗುಳು ಸದ್ದು ಕೇಳಿಸುತ್ತದೆ. ಕೂಸಿನ ಅಳು ಈಗ ಅಳುವಿನ ಹಾಗಿಲ್ಲ, ಬಾಗಿಲು ಕಿರುಗುಟ್ಟಿದ ಹಾಗಿದೆ. ನಾಗಣ್ಣ ಎರಡು ಸಲ ಕನ್ನಡಿಯಲ್ಲಿ ಹಿಂದಕ್ಕೆ ನೋಡುತ್ತಾರೆ.

ದೊಡ್ಡ ರಸ್ತೆ ಬಿಟ್ಟು ಒಳಗೆ ತಿರುಗಿದ ಮೇಲೆ, ಹನ್ನೂರಿನ ಸೀಮೆಗೆ ಇನ್ನೂ ಒಂದು ಮೈಲಿ ಇರುವಾಗ, ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲುತ್ತದೆ. ಸೀಮೆ ದಾಟಿದರೆ ಊರು ನೋಡುತ್ತದೆ. ನಾಗಣ್ಣ ಇಳಿದು ಹಿಂದಿನ ಬಾಗಿಲು ತೆರೆಯುತ್ತಾರೆ.

"ಯವ್ವಾ, ಇಂಜಿನ್ ಕಾದದ. ಹತ್ತು ಮಿನಿಟ್ ನಿಲ್ಲಸ್ತೀನ್ರಿ."

ಹನ್ನೊಂದು ವರ್ಷದಿಂದ ಹೇಳುತ್ತಿರುವ ಸುಳ್ಳು ಇದು. ಊಟ ಮಾಡಿರಿ ಎಂದು ಅವರು ಯಾವತ್ತೂ ಅನ್ನುವುದಿಲ್ಲ. ಡಬ್ಬಿ, ಎರಡು ಪತ್ರಾವಳಿ, ಒಂದು ತಂಬಿಗೆ ನೀರು. ಅಷ್ಟನ್ನು ಬಾಗಿಲ ಅಂಚಿನಲ್ಲಿಟ್ಟು, ಗಾಡಿಯ ಮುಂದಕ್ಕೆ ಹೋಗಿ, ಬೆನ್ನು ತಿರುಗಿಸಿ ನಿಂತು, ಬೇಡವಾದರೂ ರೇಡಿಯೇಟರಿಗೆ ನೀರು ಹಾಕುತ್ತಾರೆ. ನನ್ನ ತೋಳು ಹಿಡಿದು ಎಳೆದು ನನ್ನ ಬೆನ್ನನ್ನೂ ತಿರುಗಿಸುತ್ತಾರೆ.

"ಹಿಂದ ನೋಡಬ್ಯಾಡ್ರಿ," ಎನ್ನುತ್ತಾರೆ ಮೆಲ್ಲಗೆ. "ಹಸಿವಿ ಎಲ್ಲಾರಿಗೂ ಇರ್ತದ ರೀ. ಉಣ್ಣೂದನ್ನ ಯಾರರೇ ನೋಡಿದ್ರ ನಾಚಿಕಿ."

ಹಿಂದಿನಿಂದ ಕಸ್ತೂರಬಾಯಿಯ ಗದರಿಕೆ ಕೇಳುತ್ತದೆ. "ಮಣ್ಣ ಆಗೂತನಕ ಬ್ಯಾಡ! ಬೀರೋಬಾ ನೋಡಾಕತ್ತಾನ." ಕೂಸು ಕಿರುಗುಟ್ಟುತ್ತದೆ. ನಾಗಣ್ಣನ ಕೈಯಲ್ಲಿನ ಕ್ಯಾನು ಖಾಲಿಯಾಗಿದೆ, ಆದರೂ ಬಗ್ಗಿಸಿ ಹಿಡಿದಿದ್ದಾರೆ. ಐದು ನಿಮಿಷ ಇರಬಹುದು, ನನಗೆ ಒಂದು ಹಗಲಿನಷ್ಟು ಉದ್ದವಾಗಿ ಕಂಡಿತು. ಅಯ್ಯೋ, ಒಂದು ತುತ್ತು ತಿನ್ನಮ್ಮಾ ಎಂದು ಕೂಗಬೇಕೆನಿಸಿತು.

ಆಮೇಲೆ ಕೂಸಿನ ಅಳು ಸಣ್ಣದಾಯಿತು. ಮತ್ತೆ ಕಸ್ತೂರಬಾಯಿಯ ದನಿ, ಈ ಸಲ ಬೇರೆ ದನಿ. "ಬಾಯಿ ತಗಿ. ನನ್ನ ಸೆರಗಿನ ಒಳಗ ಬಾ. ಅವಂಗ ಕಾಣಂಗಿಲ್ಲ."

ಯಾರಿಗೆ ಕಾಣುವುದಿಲ್ಲ ಎಂದದ್ದು? ಬೀರೋಬಾನಿಗೋ, ಬಿಳಿ ಬಟ್ಟೆಯೊಳಗೆ ಮಲಗಿದ್ದ ಮಗನಿಗೋ? ನಾನು ಕೇಳಲಿಲ್ಲ. ನಾವು ತಿರುಗಿದಾಗ ಅತ್ತೆ ತನ್ನ ಸೆರಗನ್ನು ಸೊಸೆಯ ತಲೆಯ ಮೇಲಿಂದ ತೆಗೆಯುತ್ತಿದ್ದಳು. ಡಬ್ಬಿ ಅರ್ಧ ಖಾಲಿಯಾಗಿತ್ತು. ಕಸ್ತೂರಬಾಯಿಯ ಪತ್ರಾವಳಿ ಮಡಿಸಿದ ಹಾಗೇ ಇತ್ತು. ಛಾಯಾ ನೆಲ ನೋಡುತ್ತ ಕೂತಿದ್ದಳು, ಗಲ್ಲಕ್ಕೆ ಒಂದು ಅನ್ನದ ಅಗುಳು ಹತ್ತಿತ್ತು. ಅತ್ತೆ ಅದನ್ನು ಹೆಬ್ಬೆರಳಿನಿಂದ ಒರೆಸಿದಳು.

"ಊರಾಗ ಹೇಳಬ್ಯಾಡಪ್ಪಾ," ಎಂದಳು ನಾಗಣ್ಣನಿಗೆ.

"ಏನ್ ಹೇಳೂದದ ರೀ ಯವ್ವಾ? ಇಂಜಿನ್ ಕಾದಿತ್ತು, ನಿಂತಿದ್ವಿ."

ಹೆಣ ಇಳಿಸಿ, ಅಳುವ ಊರನ್ನು ಹಿಂದೆ ಬಿಟ್ಟು, ಅದೇ ಬೇವಿನ ಗಿಡದ ಕೆಳಗೆ ನಾಗಣ್ಣ ಉಳಿದ ಅನ್ನ ತಿನ್ನುತ್ತಾರೆ. ನನಗೂ ಕೊಡುತ್ತಾರೆ. ಸಪ್ಪಗಿದೆ, ಸ್ವಲ್ಪ ಡೀಸೆಲ್ ವಾಸನೆ. ಪೇಪರಿನಲ್ಲಿ ಫೋಟೋ ಹಾಕಬಹುದೇ ಎಂದರೆ ನಗುತ್ತಾರೆ. "ನನ್ನ ಮಾರಿ ಗುರ್ತಾದ್ರ ಜನ ನನ್ನ ಜೋಡಿ ಚಹಾ ಕುಡೆಂಗಿಲ್ಲ ರೀ. ಅದೂ ಅಲ್ದ, ಇಂಜಿನ್ ಕಾದದ ಅಂದ್ರ ಯಾರೂ ನಂಬಂಗಿಲ್ಲ." ಹಾಗಾಗಿ ಫೋಟೋ ಇಲ್ಲ. ಊರು, ಹೆಸರುಗಳನ್ನೂ ಬದಲಿಸಿ ಬರೆದಿದ್ದೇನೆ.

ನಂಬದವಳು ಈಗಾಗಲೇ ಒಬ್ಬಳಿದ್ದಾಳೆ. ಹೋದ ವರ್ಷ ನಾಗಣ್ಣನ ಹೆಂಡತಿ ಗಂಗುಬಾಯಿ ಇದೇ ದವಾಖಾನೆಯಲ್ಲಿ ತೀರಿಕೊಂಡರು. ಬೇರೆಯವರು ಬೇಡ ಎಂದು ನಾಗಣ್ಣನೇ ಗಾಡಿ ಓಡಿಸಿದರು. ರೂಢಿಯಂತೆ ಡಬ್ಬಿ ಇಟ್ಟಿದ್ದರು. ಹಿಂದೆ ಮಗಳು ರೂಪಾಲಿ, ಪುಣೆಯಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದವಳು. ಹೋಟಗಿಯ ಸೀಮೆಯ ಈಚೆ ಗಾಡಿ ನಿಲ್ಲಿಸಿ, ಬಾಗಿಲು ತೆರೆದು, ಅದೇ ಮಾತು ಹೇಳಿ, ಬೆನ್ನು ತಿರುಗಿಸಿ ನಿಂತರು.

"'ಅಪ್ಪಾ, ಇಂಜಿನ್ ಕಾದಿಲ್ಲ' ಅಂದಳು ರೀ. ಅಷ್ಟ. ಸಣ್ಣಾಕಿ ಇದ್ದಾಗಿಂದ ಆಕಿಗಿ ಎಲ್ಲಾ ಗೊತ್ತು. ಡಬ್ಬಿ ಮುಟ್ಟಲಿಲ್ಲ. ಮಣ್ಣ ಆಗೂ ಹೊತ್ತಿಗಿ ಎರಡ ಸಲ ಬಿದ್ದಳು." ನಾಗಣ್ಣ ಡಬ್ಬಿಯ ತಳವನ್ನು ಬೆರಳಿನಿಂದ ಬಳಿಯುತ್ತಾರೆ. "ಸಂಜಿಕ ಆ ಅನ್ನ ನಾನ ಉಂಡೆ. ಕಣ್ಣಾಗ ನೀರ ಸುರಿತಿತ್ತು, ಉಂಡೆ."

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಅವರು ಬಹಳ ಹೊತ್ತು ಯೋಚಿಸುವುದಿಲ್ಲ. ಇನ್ನೊಂದು ಪಾಳಿಯ ಚಾಲಕ ಗುರುಸಿದ್ಧನಿಗೆ ಆಗಲೇ ಹೇಳಿಟ್ಟಿದ್ದಾರಂತೆ.

"ನಾ ಸಾಯೂ ಪಾಳಿ ಬಂದಾಗ ಗುರುಸಿದ್ಧ ಗಾಡಿ ತರ್ತಾನ. ಡಬ್ಬಿ ಇಡು ಅಂತ ಹೇಳೀನಿ. ಹಿಂದ ರೂಪಾಲಿ ಒಬ್ಬಾಕಿನ ಇರ್ತಾಳ, ಹಸದಿರ್ತಾಳ. ಅವ ಹೇಳಿದ್ರೂ ನಂಬಂಗಿಲ್ಲ ಆಕಿ, ಭಾಳ ಶಾಣ್ಯಾ." ಡಬ್ಬಿಯ ಮುಚ್ಚಳ ಒತ್ತಿ ಇಂಜಿನ್ ಪೆಟ್ಟಿಗೆಯ ಮೇಲೆ ಅಂಗೈ ಇಡುತ್ತಾರೆ. "ಅವತ್ತೊಂದ ದಿವಸ ಇದು ಖರೇನ ಕಾದು ನಿಂದರಬೇಕ್ರಿ. ಹೊಗಿ ಬರಬೇಕು, ಆಕಿ ಕಣ್ಣಿಗಿ ಕಾಣಬೇಕು. ಅಂದ್ರ ಉಣ್ತಾಳ."