ಗ್ರಿಲ್ ಬಾಗಿಲಿನ ವೀಸಾ ಅಧಿಕಾರಿ

ಟೀಚರಮ್ಮನಿಗೆ ಮೇಲಿನ ಸಾಲಿನಲ್ಲಿ, ಎಡಗಡೆಗೆ, ಒಂದು ಚಿನ್ನದ ಹಲ್ಲಿತ್ತು. ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು, ಹಾಗಾಗಿ ಆಗ ಅದು ಕಾಣುತ್ತಿರಲಿಲ್ಲ. "ಬ್ಯಾಡ" ಎನ್ನುವಾಗ ಮಾತ್ರ ಬಾಯಿ ಅಗಲವಾಗಿ ತೆರೆದು ಹಲ್ಲು ಫಳಕ್ಕನೆ ಹೊಳೆಯುತ್ತಿತ್ತು. ಅವರು ಜನರಿಗೆ ಬೇಡ ಎಂದದ್ದೇ ಹೆಚ್ಚು. ದಾವಣಗೆರೆಯ ಎಸ್.ಎಸ್. ಬಡಾವಣೆಯ ನಮ್ಮ ಬೀದಿಯವರೆಲ್ಲ ಆ ಚಿನ್ನವನ್ನು ಕಣ್ತುಂಬ ನೋಡಿದ್ದೇವೆ.

ಅವರ ಊರು ಹರಿಹರದ ಪಕ್ಕದ ಗುತ್ತೂರು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದಾಗ ಇಂಗ್ಲಿಷು. ಕೊಲ್ಲಿ ದೇಶದ ಶಾಲೆಯೊಂದರಲ್ಲಿ ಬಹಳ ವರ್ಷ ಗಣಿತ ಕಲಿಸಿ, ನಿವೃತ್ತರಾಗಿ ಬಂದು ನಮ್ಮ ಪಕ್ಕದ ಮನೆ ಕೊಂಡಿದ್ದರು. ಹೊರದೇಶಕ್ಕೆ ಮೇಷ್ಟರಾಗಿ ಹೋಗಬೇಕೆಂದು ಆಸೆಪಟ್ಟ ದಾವಣಗೆರೆ, ಹರಿಹರದ ಬಿ.ಎಡ್. ಹುಡುಗ ಹುಡುಗಿಯರು ಒಬ್ಬರಲ್ಲ ಒಬ್ಬರು ಅವರನ್ನು ಕೇಳಲು ಬರುತ್ತಿದ್ದರು. ಬಂದವರನ್ನು ಟೀಚರಮ್ಮ ಕೂಡಲೇ ಒಳಗೆ ಕರೆಯುತ್ತಿರಲಿಲ್ಲ. ವರಾಂಡದ ಗ್ರಿಲ್ ಬಾಗಿಲು ಹಾಕಿಕೊಂಡು, ಒಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು ತಾವೇ ವಿಮಾನ ನಿಲ್ದಾಣದ ಅಧಿಕಾರಿಯಾಗುತ್ತಿದ್ದರು. ನಾವು ಹೊರಗೆ ಬಿಸಿಲಲ್ಲಿ ನಿಂತು ಉತ್ತರ ಕೊಡಬೇಕು. ಎಷ್ಟೇ ಗುರುತಿನವರಾದರೂ ಆಗ ಅವರ ಮುಖದಲ್ಲಿ ಪರಿಚಯದ ಒಂದು ಗೆರೆಯೂ ಇರುತ್ತಿರಲಿಲ್ಲ.

ನನ್ನ ಸರದಿಯೂ ಬಂತು. ನಾನಾಗ ಇಲ್ಲಿಯದೇ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಏಜೆಂಟನೊಬ್ಬನ ಮೂಲಕ ಕೊಲ್ಲಿಯ ಶಾಲೆಯೊಂದು ಕೆಲಸ ಕೊಡುವುದಾಗಿ ಹೇಳಿತ್ತು. ಸದ್ಯಕ್ಕೆ ಪ್ರವಾಸಿ ವೀಸಾದಲ್ಲಿ ಬನ್ನಿ, ಬಂದ ಮೇಲೆ ಕೆಲಸದ ವೀಸಾಕ್ಕೆ ಬದಲಾಯಿಸೋಣ ಎಂಬುದು ಅವರ ಮಾತು. ಯಾರಾದರೂ ಕೇಳಿದರೆ ಅಕ್ಕನ ಮನೆಗೆ ಹೊರಟಿದ್ದೇನೆ ಎನ್ನಬೇಕೆಂದು ಏಜೆಂಟ ಗಿಳಿಪಾಠ ಮಾಡಿಸಿದ್ದ. ನನಗೆ ಅಕ್ಕನೇ ಇಲ್ಲ. ಆದರೂ ಮಾರ್ಕ್ಸ್ ಕಾರ್ಡುಗಳ ಫೈಲು ಕಂಕುಳಲ್ಲಿಟ್ಟುಕೊಂಡು ಗ್ರಿಲ್ ಮುಂದೆ ಧೈರ್ಯವಾಗಿಯೇ ನಿಂತೆ.

"ಯಾಕ ಹೊಂಟೀರಿ?"

"ಅಕ್ಕನ ಮನೆಗೆ, ಒಂದು ತಿಂಗಳು."

"ಅಕ್ಕನ ಮನಿಗೆ ಹೋಗೋರು ಬಿ.ಎಡ್. ಮಾರ್ಕ್ಸ್ ಕಾರ್ಡ್ ಯಾಕ ತಗೊಂಡು ಹೋಗ್ತಾರ?"

ನಾನು ಫೈಲನ್ನು ಬೆನ್ನ ಹಿಂದೆ ಸರಿಸಿದೆ. ಸೊಪ್ಪಿನ ಬುಟ್ಟಿ ಇಳಿಸಿ ಇದನ್ನೆಲ್ಲ ನೋಡುತ್ತಿದ್ದ ಹೆಂಗಸು, "ಅಕ್ಕಗೆ ತೋರ್ಸಾಕೆ ಇರ್ಬೇಕು ಬಿಡ್ರಿ, ಹುಡುಗಿ ಜಾಣಿ ಐತೆ" ಎಂದಳು. ಟೀಚರಮ್ಮ ನಗಲಿಲ್ಲ. ಎದ್ದು ಬಾಗಿಲು ತೆಗೆದು, "ಬ್ಯಾಡ ಬೇಟಾ, ಹಿಂಗೆ ಹೋಗಬ್ಯಾಡ" ಎಂದರು.

ಒಳಗೆ ಕೂರಿಸಿ, ಮಂಡಕ್ಕಿ ಒಗ್ಗರಣೆಯ ತಟ್ಟೆ ಕೈಗೆ ಕೊಟ್ಟು, ಏಜೆಂಟ ಹೇಳದೇ ಬಿಟ್ಟದ್ದನ್ನೆಲ್ಲ ಬಿಡಿಸಿ ಹೇಳಿದರು. ಪ್ರವಾಸಿ ವೀಸಾ ಎಂದರೆ ಊರು ನೋಡಿ ಬರಲು ಕೊಟ್ಟ ಅನುಮತಿ, ಅದರ ಮೇಲೆ ಪಾಠ ಮಾಡಿದರೆ ಅಪರಾಧ. ಕೆಲಸದ ವೀಸಾ ಬೇಕಾದರೆ ಶಾಲೆಯೇ ನಮ್ಮ ಹೆಸರಿನಲ್ಲಿ ಅಲ್ಲಿನ ಸರ್ಕಾರವನ್ನು ಕೇಳಬೇಕು. ಹೋದ ಮೇಲೆ ರಕ್ತ ಪರೀಕ್ಷೆ, ಬೆರಳಚ್ಚು, ಕೊನೆಗೆ ವಾಸದ ಪರವಾನಗಿಯ ಕಾರ್ಡು. ಅದರಲ್ಲಿ ವೃತ್ತಿ ಶಿಕ್ಷಕಿ ಎಂದೇ ಇರಬೇಕು, ಗುಮಾಸ್ತೆ ಎಂದಿದ್ದರೆ ತರಗತಿಯಲ್ಲಿ ನಿಲ್ಲುವ ಹಾಗಿಲ್ಲ. ಪಾಸ್‌ಪೋರ್ಟು ಮಾತ್ರ ನಮ್ಮ ಕೈಯಲ್ಲೇ ಇರಬೇಕು.

ಆಮೇಲೆ ತಮ್ಮ ಕತೆ ಹೇಳಿದರು. ಮೊದಲ ಸಲ ಅವರೂ ಹೀಗೇ ಪ್ರವಾಸಿ ವೀಸಾದಲ್ಲೇ ಹೋದವರು. ಇವತ್ತು ಬದಲಾಯಿಸುತ್ತೇವೆ, ನಾಳೆ ಬದಲಾಯಿಸುತ್ತೇವೆ ಎನ್ನುತ್ತಲೇ ಶಾಲೆಯವರು ತಿಂಗಳುಗಟ್ಟಲೆ ದೂಡಿದರು. ತನಿಖೆಯವರು ಬಂದಾಗ ಇವರನ್ನು ಆಟದ ಸಾಮಾನಿನ ಕೋಣೆಯೊಳಗೆ ಕೂರಿಸಿ ಹೊರಗಿನಿಂದ ಚಿಲಕ ಹಾಕುತ್ತಿದ್ದರಂತೆ.

"ನನ್ನ ಕ್ಲಾಸಿನ ಮಕ್ಕಳು ನೋಡ್ತಿರಬೇಕಾದ್ರೇ ಹೋಗಿ ಬಚ್ಚಿಟ್ಕೊಳ್ತಿದ್ದೆ" ಎಂದರು. "ಅದನ್ನೂ ತಡ್ಕೊಂಡೆ. ಆಮೇಲೆ ಗುತ್ತೂರಿನಿಂದ ಫೋನ್ ಬಂತು, ಅಮ್ಮಾಗೆ ಹುಷಾರಿಲ್ಲ, ಬಾ ಅಂತ. ಪಾಸ್‌ಪೋರ್ಟ್ ಸ್ಕೂಲಿನೋರ ಬೀರುವಿನಾಗೆ ಇತ್ತು. ವೀಸಾ ಮುಗಿದು ಯಾವ ಕಾಲ ಆಗಿತ್ತೋ. ನಾನು ಬರೋಕ್ಕಾಗ್ಲಿಲ್ಲ. ಮಣ್ಣು ಮಾಡಿದ್ದೂ ಫೋನಿನಾಗೇ ಕೇಳಿದೆ."

ಅವರ ಕಣ್ಣಲ್ಲಿ ನೀರಿರಲಿಲ್ಲ. ನಾನು ಮಂಡಕ್ಕಿಯ ತಟ್ಟೆ ಕೆಳಗಿಟ್ಟೆ.

ಆ ಸಂಜೆ ಅವರೆದುರೇ ಶಾಲೆಗೆ ಫೋನು ಮಾಡಿ, ಕೆಲಸದ ವೀಸಾ ಕಳಿಸಿದರೆ ಬರುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದೆ. ನೋಡೋಣ ಎಂದವರು ಆ ಜಾಗಕ್ಕೆ ಬೇರೆ ಯಾರನ್ನೋ ತೆಗೆದುಕೊಂಡರು. ನನಗೆ ಟೀಚರಮ್ಮನ ಮೇಲೆ ಕೆಂಡದಂಥ ಕೋಪ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದರಲ್ಲ ಎಂದು ಅಪ್ಪನ ಮುಂದೆ ಕೂಗಾಡಿದೆ. ಅಪ್ಪ ಇಲ್ಲೇ ಊರ ಪಕ್ಕದ ಕರೂರಿನ ಕಾರ್ಖಾನೆಯೊಂದರಲ್ಲಿ ಲೇಥ್ ಮೆಷಿನ್ ನೋಡಿಕೊಳ್ಳುತ್ತಿದ್ದವರು, ಕಡಿಮೆ ಮಾತಿನವರು. "ಆಯಮ್ಮಗೆ ನಿನ್ನ ಕೆಲಸ ಕೆಡಿಸಿ ಏನು ಸಿಗ್ತೈತೆ?" ಎಂದಷ್ಟೇ ಕೇಳಿದರು.

ಕೆಲವು ದಿನ ಕಳೆದು ಟೀಚರಮ್ಮನೇ ನಮ್ಮ ಬಾಗಿಲಿಗೆ ಬಂದರು. "ಸಿಟ್ಟು ಇರ್ಲಿ, ಅದಕ್ಕೆ ನಾನೇನೂ ಬ್ಯಾಡ ಅನ್ನಲ್ಲ. ಸರ್ಟಿಫಿಕೇಟ್ ತಗೊಂಡು ಬಾ, ಬೆಂಗಳೂರಿಗೆ ಹೋಗೋಣ. ಕೆಲಸ ಸಿಗೋವಷ್ಟರಾಗೆ ಅಸಲಿ ಅನ್ನೋ ಸೀಲೆಲ್ಲಾ ಬಿದ್ದಿರ್ಲಿ" ಎಂದರು. ಮಂಡಿನೋವಿನ ಹೆಂಗಸು ನನ್ನ ಜೊತೆ ರೈಲು ಹತ್ತಿ, ಸರ್ಕಾರಿ ಕಚೇರಿಯ ಮೆಟ್ಟಿಲಲ್ಲಿ ಕಾದು ಕುಳಿತರು. ಅಲ್ಲಿಂದ ನನ್ನ ಪದವಿ ಪತ್ರಗಳು ದಿಲ್ಲಿಗೆ, ಆಮೇಲೆ ಆ ದೇಶದ ರಾಯಭಾರ ಕಚೇರಿಗೆ ಹೋಗಿ, ಬೆನ್ನ ತುಂಬ ಸೀಲು ಹೊತ್ತು ವಾಪಸು ಬಂದವು.

ಮರುವರ್ಷ ಇನ್ನೊಂದು ಶಾಲೆ ಕರೆಯಿತು, ಸರಿಯಾದ ಕೆಲಸದ ವೀಸಾ ಕಳಿಸಿಯೇ ಕರೆಯಿತು. ಹೋದೆ. ವಾಸದ ಕಾರ್ಡು ಕೈಗೆ ಬಂದ ದಿನ ಅದರ ಫೋಟೋ ಟೀಚರಮ್ಮನಿಗೆ ಕಳಿಸಿದೆ. ವೃತ್ತಿ ಬರೆದ ಸಾಲು ಸರಿಯಾಗಿ ಕಾಣುತ್ತಿಲ್ಲ, ದೊಡ್ಡದು ಮಾಡಿ ಕಳಿಸು ಎಂದರು. ಕಳಿಸಿದ ಮೇಲೆ ಫೋನು ಮಾಡಿ, "ಟೀಚರ್ ಅಂತ ಐತೆ. ಈಗ ಹೊಟ್ಟೆ ತುಂಬ ಉಂಡು ಮಲಗು" ಎಂದು ಇಟ್ಟರು.

ಎರಡನೆಯ ವರ್ಷ, ಪಾಠದ ನಡುವೆ ಅಣ್ಣನ ಫೋನು ಬಂತು. ಅಪ್ಪನಿಗೆ ಪಾರ್ಶ್ವವಾಯು ಹೊಡೆದಿತ್ತು. ಪ್ರಿನ್ಸಿಪಾಲರಿಗೆ ಹೇಳಿ, ಪಾಸ್‌ಪೋರ್ಟು ಕಾರ್ಡು ಎರಡನ್ನೂ ಕೈಚೀಲಕ್ಕೆ ಹಾಕಿಕೊಂಡು ಅಂದೇ ಹೊರಟೆ. ನಿಲ್ದಾಣದಲ್ಲಿ ಯಾರೂ ನನ್ನನ್ನು ತಡೆಯಲಿಲ್ಲ. ದಾವಣಗೆರೆಯ ಆಸ್ಪತ್ರೆಗೆ ಬಂದಾಗ ಅಪ್ಪನ ಹಾಸಿಗೆಯ ಪಕ್ಕ ಟೀಚರಮ್ಮ ಇದ್ದರು. ನನ್ನನ್ನು ನೋಡಿ ಎದ್ದು ನಿಂತರು.

"ಬಂದ್ಯಾ? ಕೂಡ್ರು. ಬೆಳಗ್ಗಿಂದ ಬಾಗಿಲ ಕಡೀಗೇ ನೋಡ್ತಾ ಅದಾರೆ."

ಅಪ್ಪನಿಗೆ ಮಾತು ಹೋಗಿತ್ತು, ಗುರುತು ಹೋಗಿರಲಿಲ್ಲ. ಎಡಗೈಯಿಂದ ನನ್ನ ಕೈ ಹಿಡಿದುಕೊಂಡರು. ಆ ವಾರವೆಲ್ಲ ನಾನು ಅವರ ಪಕ್ಕದಲ್ಲಿದ್ದೆ. ವಾರದ ಕೊನೆಗೆ ಅಪ್ಪ ಹೋದರು.

ಮುಂದಿನ ರಜೆಗೆ ನಾನು ಊರಿಗೆ ಬರುವಷ್ಟರಲ್ಲಿ ಟೀಚರಮ್ಮನೂ ತೀರಿಕೊಂಡಿದ್ದರು. ಹಾಗಾಗಿ ನಾನವರನ್ನು ಕೊನೆಯ ಸಲ ಕಂಡದ್ದು ಅಪ್ಪನ ಕಾರ್ಯ ಮುಗಿಸಿ ಕೆಲಸಕ್ಕೆ ಮರಳುವ ಹಿಂದಿನ ದಿನ. ಹೇಳಿ ಹೋಗಲೆಂದು ಅವರ ಮನೆಗೆ ಹೋಗಿದ್ದೆ. ನಿಮ್ಮಿಂದಲೇ ನನಗೆ ಅಪ್ಪನ ಮುಖ ಸಿಕ್ಕಿತು ಎನ್ನಬೇಕೆಂದು ಮಾತು ಜೋಡಿಸಿಕೊಂಡಿದ್ದೆ. ಅರ್ಧ ಹೇಳುವುದರೊಳಗೆ ಅವರೇ ಕೇಳಿದರು:

"ಕೊನೀಗೆ ನೀರು ಯಾರು ಹಾಕಿದ್ರು ಬೇಟಾ?"

"ನಾನೇ ಹಾಕಿದೆ, ಟೀಚರಮ್ಮ."

"ಕುಡಿದ್ರಾ?"

"ಕುಡಿದರು."

ಅವರು ತಲೆಯಾಡಿಸಿದರು. "ಚಹಾ ತರ್ತೀನಿ, ಕೂಡ್ರು" ಎಂದು ಅಡುಗೆಮನೆಗೆ ಹೋದವರು ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ನಾನು ಒಳಗೆ ಹೋದೆ. ಒಲೆ ಹಚ್ಚಿರಲಿಲ್ಲ. ಕಟ್ಟೆಗೆ ಎರಡೂ ಕೈ ಊರಿಕೊಂಡು, ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಅವರನ್ನು ಕುರ್ಚಿಗೆ ಕರೆತಂದು ಕೂರಿಸಿ, ಅವತ್ತಿನ ಚಹಾ ನಾನೇ ಮಾಡಿದೆ.